ಸಾಕಿದ ಆಮೆ: ಕೆರೆಗೆ ಬಿಡೋದಾ, ಇಟ್ಟುಕೊಳ್ಳೋದಾ?

ಕೆಂಪು ಕಿವಿಯ ಸ್ಲೈಡರ್ ಅನ್ನೋ ಆಮೆಯ ಮರಿ ಅಂಗೈಯೊಳಗೆ ಹಿಡಿಸುತ್ತದೆ. ಬೆಳೆದರೆ 30 ಸೆಂ.ಮೀ. ಹತ್ತಿರ.

ಕೆರೆಗೆ ಬಿಟ್ಟರೆ ಖರ್ಚಿಲ್ಲ, ಆಮೆಗೂ ಬಿಡುಗಡೆ ಅನಿಸುತ್ತದೆ. ಆದರೆ ಅಲ್ಲಿನ ಆಮೆಗಳ ಪಾಡು? ಬಿಸಿಲು ಕಾಯದಿದ್ದರೆ ಅವಕ್ಕೆ ತಿಂದದ್ದು ಸರಿಯಾಗಿ ಅರಗುವುದಿಲ್ಲ. ತೇಲುವ ದಿಮ್ಮಿಯನ್ನು ಸ್ಲೈಡರ್ ಹತ್ತಿ ಕೂತರೆ ಅವು ಜಾಗ ಬಿಟ್ಟು ನೀರಿಗಿಳಿಯುತ್ತವೆ. ಫ್ರಾನ್ಸಿನಲ್ಲಿ ಸ್ಲೈಡರ್‌ಗಳನ್ನೂ ಯುರೋಪಿನ ಕೊಳದಾಮೆಗಳನ್ನೂ ಒಂದೇ ಕೊಳದಲ್ಲಿಟ್ಟು ನೋಡಿದಾಗ ಕೊಳದಾಮೆಗಳ ತೂಕ ಇಳಿಯಿತು, ಸಾವೂ ಜಾಸ್ತಿಯಾಯಿತು. ಹೊಸ ರೋಗ, ಹುಳುಗಳೂ ಅಂಟಬಹುದು. ಈ ದಾರಿ ಖಂಡಿತ ಬೇಡ.

ಇಟ್ಟುಕೊಳ್ಳುವುದು ಸುಲಭವಲ್ಲ, ನಿಜ. ದೊಡ್ಡ ತೊಟ್ಟಿ, ಫಿಲ್ಟರ್, ಯುವಿ ದೀಪ, 20-30 ವರ್ಷದ ಆರೈಕೆ ಬೇಕು. ಆಗದಿದ್ದರೆ ಪ್ರಾಣಿ ರಕ್ಷಣಾ ಕೇಂದ್ರಕ್ಕೆ ಒಪ್ಪಿಸಿ. ಜಾಗ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿ.