ಬ್ರೇಡ್, ಮೋನೋ, ಫ್ಲೋರೋ: ಮಲೆನಾಡಿನ ನೀರಿನಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ, ಎಷ್ಟು ಕೆ.ಜಿ. ಮೀನು ಬೀಳಬಹುದು ಅಂತ ಲೆಕ್ಕ ಹಾಕಿ ಗಾಳದ ದಾರ ಕೊಳ್ಳಬೇಡಿ. ನೀರಿನೊಳಗೆ ಏನಿದೆ ಅಂತ ನೋಡಿ ಕೊಳ್ಳಿ. ನಮ್ಮ ಕಡೆ ಮೀನಿನ ಭಾರಕ್ಕೇ ದಾರ ಹರಿಯುವುದು ಬಹಳ ಕಡಿಮೆ. ಕಲ್ಲಿಗೆ ಉಜ್ಜಿ ಹರಿಯುತ್ತದೆ, ಬೊಡ್ಡೆಗೆ ಸುತ್ತಿಕೊಂಡು ಹರಿಯುತ್ತದೆ, ಇಲ್ಲಾ ಅವಸರದಲ್ಲಿ ಹಾಕಿದ ಗಂಟಿನ ಹತ್ತಿರ ಹರಿಯುತ್ತದೆ. ಡಬ್ಬಿಯ ಮೇಲೆ 20 ಪೌಂಡ್ ಅಂತ ಬರೆದಿದ್ದರೆ ಒಂಬತ್ತು ಕೆ.ಜಿ. ಆಯಿತು. ತುಂಗೆಯಲ್ಲಿ ಲ್ಯೂರ್‌ಗೆ (ಕೃತಕ ಆಮಿಷಕ್ಕೆ) ಬೀಳುವ ಮೀನಲ್ಲಿ ಅಷ್ಟು ತೂಗುವವು ಎಷ್ಟಿವೆ ಹೇಳಿ?

ನನ್ನ ಹತ್ತಿರ ಇರುವುದು ಎರಡು ರೀಲ್. ಒಂದರಲ್ಲಿ ನಾಲ್ಕು ಎಳೆಯ ಬ್ರೇಡ್, ಅಂದರೆ ಹೆಣೆದ ದಾರ, 40 ಪೌಂಡಿನ ಪವರ್‌ಪ್ರೋ. ಇನ್ನೊಂದರಲ್ಲಿ ಎಂಟು ಎಳೆಯದ್ದು, ಬ್ರೇಡಿನ ಅಳತೆಯಲ್ಲಿ ಪಿಇ 1, ಅಂದರೆ ದಪ್ಪ ಸುಮಾರು 0.165 ಮಿ.ಮೀ. ಅದೇ ರೀಲಿನ ಇನ್ನೊಂದು ಸ್ಪೂಲಿಗೆ 10 ಪೌಂಡಿನ ಟ್ರೈಲೀನ್ ಎಕ್ಸ್‌ಎಲ್ ಸುತ್ತಿಟ್ಟಿದ್ದೇನೆ, ಅದು ಮೋನೋ, ಅಂದರೆ ಒಂದೇ ಎಳೆಯ ನೈಲಾನ್. ಲೀಡರ್‌ಗೆ, ಅಂದರೆ ದಾರಕ್ಕೂ ಲ್ಯೂರ್‌ಗೂ ನಡುವೆ ಕಟ್ಟುವ ತುಂಡಿಗೆ, ಫ್ಲೋರೋಕಾರ್ಬನ್ನಿನ (ಫ್ಲೋರೋ) ಒಂದು ಸಣ್ಣ ಉರುಳೆ ಜೇಬಿನಲ್ಲಿ. ಇಷ್ಟರಲ್ಲಿ ಕೆರೆ, ಹೊಳೆ, ಹಿನ್ನೀರು ಎಲ್ಲಾ ನಡೆಯುತ್ತದೆ.

ಜಾಸ್ತಿ ಕೆಲಸ ಕೊಟ್ಟಿರುವುದು ನಾಲ್ಕು ಎಳೆಗೆ. ಸೊರಬ, ಸಾಗರದ ಕಡೆ ಕೆರೆಗಳನ್ನು ನೋಡಿದವರಿಗೆ ಗೊತ್ತು, ದಡದಿಂದ ಹತ್ತಿಪ್ಪತ್ತು ಮಾರು ಬರೀ ತಾವರೆ, ಜೊಂಡು, ಅಂತರಗಂಗೆ. ಕೊರವ ಮೀನು ಇರುವುದೇ ಅಲ್ಲಿ. ರಬ್ಬರ್ ಕಪ್ಪೆಯನ್ನು ಎಲೆಗಳ ಮೇಲೆ ಕುಣಿಸುತ್ತಾ ತರುವಾಗ ಅದು ಕೆಳಗಿನಿಂದ ಎದ್ದು ಎಲೆ ಸಮೇತ ಬಾಯಿಗೆ ಹಾಕಿಕೊಳ್ಳುತ್ತದೆ. ಒಂದು ಕ್ಷಣ ಬಿಡಬೇಕು, ಆಮೇಲೆ ಜೋರಾಗಿ ಎಳೆಯಬೇಕು. ಇಲ್ಲಿ ಮೋನೋ ಹಾಕಿದರೆ ಕೆಲಸ ಕೆಟ್ಟಿತು. ನೈಲಾನ್ ಹರಿಯುವ ಮುಂಚೆ ಶೇ 20ಕ್ಕಿಂತ ಜಾಸ್ತಿ ಹಿಗ್ಗುತ್ತದೆ, ನೀವು ಎಳೆದ ಬಲವೆಲ್ಲಾ ಆ ಹಿಗ್ಗಿನಲ್ಲೇ ಹೋಗುತ್ತದೆ. ಅಷ್ಟರಲ್ಲಿ ಕೊರವ ತಾವರೆ ದಂಟುಗಳ ನಡುವೆ ನುಗ್ಗಿರುತ್ತದೆ. ಬ್ರೇಡ್ ಹಿಗ್ಗುವುದಿಲ್ಲ ಅಂತಲೇ ಹೇಳಬಹುದು. ನಾಲ್ಕು ಎಳೆಯ ಮೈ ಒರಟು ಬೇರೆ, ಬಿಗಿಯಾದಾಗ ದಂಟನ್ನು ಗರಗಸದ ಹಾಗೆ ಕೊಯ್ದುಕೊಂಡು ಬರುತ್ತದೆ, ಕೈಗೆ ಕರಕರ ಅಂತ ಗೊತ್ತಾಗುತ್ತದೆ. ಮೀನಿನ ಜೊತೆ ಒಂದು ಬುಟ್ಟಿ ಸೊಪ್ಪೂ ದಡಕ್ಕೆ ಬರುತ್ತದೆ, ಅದು ಬೇರೆ ಮಾತು. ಆ 40 ಪೌಂಡ್ ಬೇಕಾಗಿರುವುದು ಈ ಸೊಪ್ಪಿನ ಭಾರಕ್ಕೆ.

ಕಪ್ಪೆಗೆ ಲೀಡರ್ ಬೇಡ. ಲೀಡರಿನ ಗಂಟಿಗೆ ಪಾಚಿ ಸಿಕ್ಕಿಕೊಳ್ಳುತ್ತದೆ ಅಷ್ಟೇ. ನೇರವಾಗಿ ಪಾಲೋಮಾರ್ ಗಂಟು ಹಾಕಿ ಸಾಕು. ಒಂದು ಎಚ್ಚರ: ಕೊಕ್ಕೆ ಎಲ್ಲಾದರೂ ಸಿಕ್ಕಿಕೊಂಡರೆ ಬ್ರೇಡನ್ನು ಕೈಗೆ ಸುತ್ತಿ ಎಳೆಯಲೇಬೇಡಿ, ಬೆರಳು ಕೊಯ್ಯುತ್ತದೆ. ಒಂದು ಕಟ್ಟಿಗೆ ತುಂಡಿಗೆ ಸುತ್ತಿ ಎಳೆಯಿರಿ.

ಬಾಳಿಕೆ ಬಗ್ಗೆ ಹೇಳಬೇಕೆಂದರೆ ಹಸಿರು ಬಣ್ಣ ಒಂದು ಬೇಸಿಗೆಗೇ ಬಿಳಿಚಿಕೊಂಡಿತು. ಬಣ್ಣ ಹೋಯಿತು ಅಂತ ಬಲ ಹೋಗುವುದಿಲ್ಲ, ಸುಮ್ನೆ ಗಾಬರಿಯಾಗಬೇಡಿ. ನೋಡಬೇಕಾದ್ದು ಎಳೆ. ಲ್ಯೂರ್ ಹತ್ತಿರದ ಎರಡು ಮೂರು ಮೀಟರನ್ನು ಉಗುರಿನ ಮೇಲೆ ಎಳೆದು ನೋಡಿ, ಹತ್ತಿಯ ಹಾಗೆ ನವಿರು ಎದ್ದಿದ್ದರೆ ಅಷ್ಟನ್ನು ಕತ್ತರಿಸಿಬಿಡಿ. ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ ತಲೆಕೆಳಗು ಮಾಡಿ ಸುತ್ತಿದರೆ ಒಳಗಿದ್ದ ಹೊಸ ಭಾಗ ಮೇಲೆ ಬರುತ್ತದೆ. ನನ್ನದು ಈಗ ಹಾಗೆಯೇ ಎರಡನೇ ಮಗ್ಗುಲಲ್ಲಿ ಓಡುತ್ತಿದೆ.

ಹೊಳೆಗೆ ಬಂದರೆ ಕಥೆ ಬೇರೆ. ತೀರ್ಥಹಳ್ಳಿಯಿಂದ ಮಂಡಗದ್ದೆವರೆಗೆ ತುಂಗೆಯ ತಳ ಹೆಚ್ಚಿನ ಕಡೆ ಬಂಡೆ. ಸಣ್ಣ ಸ್ಪಿನ್ನರ್, ಸ್ಪೂನ್ (ಮಿನುಗುವ ಲೋಹದ ಲ್ಯೂರ್‌ಗಳು) ಹಾಕುವಾಗ ಎಂಟು ಎಳೆಯ ಪಿಇ 1 ದೂರ ಹೋಗುತ್ತದೆ, ರಾಡಿನ ಗೈಡ್‌ಗಳಲ್ಲಿ (ದಾರ ಹಾಯುವ ಬಳೆಗಳಲ್ಲಿ) ಸದ್ದಿಲ್ಲದೆ ಜಾರುತ್ತದೆ. ಹೆಚ್ಚುಕಡಿಮೆ ಅಷ್ಟೇ ಬಲದ, 20 ಪೌಂಡ್ ತಾಳುವ ನೈಲಾನ್ ಬೇಕೆಂದರೆ ದಪ್ಪ 0.4 ಮಿ.ಮೀ. ದಾಟುತ್ತದೆ, ಅದರಲ್ಲಿ ಐದು ಗ್ರಾಂ ಸ್ಪೂನ್ ಎಸೆಯುವುದು ಆಗದ ಮಾತು. ಆದರೆ ಬಿಗಿಯಾಗಿರುವಾಗ ಬಂಡೆಯ ಅಂಚು ತಾಗಿದರೆ ತೆಳು ಬ್ರೇಡ್ ಪಟ್ ಅಂತ ಹೋಗುತ್ತದೆ. ಅದಕ್ಕೇ ಮುಂದೆ ಒಂದು ಮಾರು ಫ್ಲೋರೋ ಲೀಡರ್, 12 ಪೌಂಡಿನದ್ದು. ಫ್ಲೋರೋ ಗಟ್ಟಿ, ಉಜ್ಜಾಟ ತಾಳುತ್ತದೆ, ನೀರು ಕುಡಿಯುವುದಿಲ್ಲ, ಬಿಸಿಲಿಗೆ ಬೇಗ ಹಾಳಾಗುವುದಿಲ್ಲ.

ನೀರಿನಲ್ಲಿ ಕಾಣುವುದೇ ಇಲ್ಲ ಅನ್ನುವುದು ಮಾತ್ರ ಜಾಹೀರಾತಿನ ಮಾತು. ಬೆಳಕು ಬಾಗುವ ಲೆಕ್ಕದಲ್ಲಿ ನೀರಿನದ್ದು 1.33, ಫ್ಲೋರೋದ್ದು 1.42, ನೈಲಾನಿನದ್ದು 1.5ರ ಮೇಲೆ. ಹತ್ತಿರ ಇದೆ, ಒಂದೇ ಅಲ್ಲ. ಡಿಸೆಂಬರ್ ನಂತರ ತುಂಗೆ ತಿಳಿಯಾದಾಗ ಈ ವ್ಯತ್ಯಾಸಕ್ಕೆ ಬೆಲೆ ಇದೆ ಅನ್ನಿಸುತ್ತದೆ. ಮಳೆಗಾಲದ ಕೆಂಪು ನೀರಿಗೆ ಅಷ್ಟು ದುಡ್ಡಿನ ಲೀಡರ್ ಯಾಕೆ? ಮೋನೋ ತುಂಡು ಸಾಕು.

ಬ್ರೇಡಿಗೆ ಲೀಡರ್ ಸೇರಿಸಲು ಎಫ್‌ಜಿ ಅನ್ನುವ ಗಂಟು ಕಲಿಯಿರಿ. ಮೊದಲು ತಲೆ ಕೆಡುತ್ತದೆ, ಕಲಿತ ಮೇಲೆ ಗೈಡ್‌ನಲ್ಲಿ ತಡೆಯದೆ ಹೋಗುತ್ತದೆ. ಗಾಳಿ ಮಳೆಯಲ್ಲಿ ಕೈ ನಡುಗುವಾಗ ಡಬಲ್ ಯುನಿ ಹಾಕಿ ಮುಗಿಸಿ. ಯಾವ ಗಂಟಾದರೂ ಬಿಗಿಯುವ ಮುಂಚೆ ಎಂಜಲು ಹಚ್ಚಿ. ಒಣಗಿದ್ದಾಗ ಎಳೆದರೆ ಉಜ್ಜಿದ ಬಿಸಿಗೇ ಫ್ಲೋರೋ ಬಲ ಕಳೆದುಕೊಂಡಿರುತ್ತದೆ, ನೋಡಿದರೆ ಗೊತ್ತೇ ಆಗುವುದಿಲ್ಲ.

ಪಾಪ್ಪರ್ (ತೇಲುತ್ತಾ ನೀರು ಉಗುಳುವ ಲ್ಯೂರ್) ಹಾಕುವವರು ಫ್ಲೋರೋ ತೆಗೆದುಬಿಡಿ. ನೀರಿಗಿಂತ ಅದು 1.78 ಪಟ್ಟು ಭಾರ, ಮುಳುಗುತ್ತಾ ಪಾಪ್ಪರಿನ ಮೂತಿಯನ್ನೂ ಕೆಳಗೆ ಎಳೆಯುತ್ತದೆ. ಮೋನೋ ಲೀಡರ್ ಹಾಕಿದರೆ ಪಾಪ್ಪರ್ ಸರಿಯಾಗಿ ಉಗುಳುತ್ತದೆ. ಕ್ರ್ಯಾಂಕ್‌ಬೇಟ್‌ಗೆ (ಎಳೆದಾಗ ಅಲುಗಾಡುತ್ತಾ ಮುಳುಗುವ ಲ್ಯೂರ್‌ಗೆ) ನಾನು ಬ್ರೇಡ್ ಬಿಟ್ಟು ಪೂರ್ತಿ ಮೋನೋ ಸ್ಪೂಲೇ ಹಾಕುತ್ತೇನೆ. ಅದರ ಕೊಕ್ಕೆಗಳು ಸಣ್ಣವು, ಮೂರು ಕವಲಿನವು. ಹಿಗ್ಗದ ದಾರದಲ್ಲಿ ಮೀನು ತಲೆ ಕೊಡವಿದರೆ ತುಟಿ ಹರಿದು ಬಿಟ್ಟುಹೋಗುತ್ತದೆ. ಕಪ್ಪೆಗೆ ಬೇಡವಾದ ಹಿಗ್ಗು ಇಲ್ಲಿ ಬೇಕು. ಬ್ರೇಡ್ ಬಂದ ಮೇಲೆ ಮೋನೋ ಯಾಕೆ ಅನ್ನುವವರು ಕ್ರ್ಯಾಂಕ್‌ಬೇಟ್ ಎಳೆದೇ ಇಲ್ಲ ಅಂತ ನನ್ನ ಅನುಮಾನ.

ಶರಾವತಿ ಹಿನ್ನೀರು ಇನ್ನೊಂದು ಥರ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಬೇಸಿಗೆಯಲ್ಲಿ ನೀರು ಇಳಿದಾಗ ಈಗಲೂ ಎದ್ದು ನಿಲ್ಲುತ್ತವೆ. ಮೇ ತಿಂಗಳಲ್ಲಿ ಒಮ್ಮೆ ಸುತ್ತಾಡಿ ಎಲ್ಲೆಲ್ಲಿ ಇವೆ ಅಂತ ನೋಡಿಟ್ಟುಕೊಳ್ಳಿ, ಎಷ್ಟೋ ಲ್ಯೂರ್ ಉಳಿಯುತ್ತವೆ. ಅಲ್ಲಿ ಸಾಫ್ಟ್ ಬೇಟ್ (ಮೆತ್ತನೆ ಲ್ಯೂರ್) ಇಳಿಸುವಾಗ ತೆಳು ಬ್ರೇಡ್ ಬೇಕೇ ಬೇಕು, ತಳ ಮುಟ್ಟಿದ್ದು, ಬೊಡ್ಡೆ ಸವರಿದ್ದು, ಮೀನು ಮೂಸಿದ್ದು ಬೇರೆ ಬೇರೆಯಾಗಿ ಬೆರಳಿಗೆ ತಿಳಿಯುತ್ತದೆ. ಲೀಡರ್ ಮಾತ್ರ ಎರಡು ಮಾರು ಇಡಿ. ಅಲ್ಲೇ ದಡದಲ್ಲಿ ಎರೆಹುಳು ಸಿಕ್ಕಿಸಿ ಕೂತಿದ್ದ ಹಿರಿಯರೊಬ್ಬರು ನನ್ನ ದಾರ ಮುಟ್ಟಿ ನೋಡಿ, "ಇದೆಂತ ಮಾರಾಯ, ಹೊಲಿಗೆ ನೂಲಾ?" ಅಂದರು. ಅವರ ಕೈಗಾಳದಲ್ಲಿ ಇದ್ದದ್ದು ಅರ್ಧ ಮಿಲಿಮೀಟರಿನ ನೈಲಾನ್. ಎಸೆದು ಕಾಯುವ ಮೀನುಗಾರಿಕೆಗೆ ಅದೇ ಸರಿ, ಅಲ್ವಾ? ಅವರ ಬುಟ್ಟಿಯಲ್ಲಿ ಆಗಲೇ ಜಿಲೇಬಿ ಮೀನು ತುಂಬಿತ್ತು, ನನ್ನದು ಖಾಲಿ.

ಇನ್ನು ದೂರುಗಳು. ಮೋನೋ ಉರುಳೆಯಲ್ಲಿ ಕೂತ ಸುರುಳಿ ನೆನಪಿಟ್ಟುಕೊಳ್ಳುತ್ತದೆ, ಒದ್ದೆಯಾದರೆ ಸ್ವಲ್ಪ ಬಲ ಕಳೆದುಕೊಳ್ಳುತ್ತದೆ, ಬಿಸಿಲಿಗೆ ಹಾಳಾಗುತ್ತದೆ. ಅಂಗಡಿಯ ಗಾಜಿನ ಹಿಂದೆ ಬಿಸಿಲಲ್ಲಿ ಕೂತ ಹಳೇ ಸ್ಟಾಕ್ ಅಗ್ಗಕ್ಕೆ ಕೊಟ್ಟರೂ ಬೇಡ. ಆನ್‌ಲೈನಿನಲ್ಲಿ ತರಿಸಿದ ಒಂದು ಅಗ್ಗದ ಬ್ರೇಡ್ ಎಂಟು ಎಳೆ ಅಂತ ಬಂತು. ತುದಿಯನ್ನು ಸೂಜಿಯಲ್ಲಿ ಬಿಡಿಸಿ ಎಣಿಸಿದೆ, ನಾಲ್ಕೇ. ಮಾರಿದವರು ಉತ್ತರ ಕೊಡಲಿಲ್ಲ. ನೀವೂ ಹಾಗೆ ಬಿಡಿಸಿ ನೋಡಿಯೇ ಸ್ಪೂಲಿಗೆ ಸುತ್ತಿ.

ಸುತ್ತುವಾಗ ಬ್ರೇಡ್ ಕೆಳಗೆ ಹತ್ತು ಸುತ್ತು ಮೋನೋ ಹಾಕಿ, ಇಲ್ಲದಿದ್ದರೆ ಪೂರ್ತಿ ಉರುಳೆಯೇ ಸ್ಪೂಲಿನ ಮೇಲೆ ಜಾರುತ್ತದೆ. ಅಂಚಿಗೆ ಎರಡು ಮಿ.ಮೀ. ಬಿಟ್ಟು ನಿಲ್ಲಿಸಿ. ಎಸೆದ ಮೇಲೆ ರೀಲಿನ ಬೇಲನ್ನು (ತಂತಿ ಕಮಾನನ್ನು) ಕೈಯಲ್ಲೇ ಮುಚ್ಚಿದರೆ ಅರ್ಧ ಸಿಕ್ಕು ತಪ್ಪುತ್ತದೆ. ಸ್ಪಿನ್ನರ್‌ಗೆ ಸ್ವಿವೆಲ್ (ದಾರ ತಿರುಚದ ಹಾಗೆ ತಿರುಗುವ ಕೊಂಡಿ) ಇರಲಿ.

ಕತ್ತರಿಸಿದ ತುಂಡುಗಳನ್ನು ದಡದಲ್ಲಿ ಬಿಡಬೇಡಿ. ಮಂಡಗದ್ದೆಯಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟುವುದು ಹೊಳೆ ನಡುವಿನ ಮರಗಳಲ್ಲೇ, ಕಾಲಿಗೆ ಸುತ್ತಿಕೊಂಡರೆ ಬಿಡಿಸುವವರು ಯಾರೂ ಇಲ್ಲ. ಶೃಂಗೇರಿ, ಚಿಬ್ಬಲಗುಡ್ಡೆ ಮತ್ಸ್ಯಧಾಮದ ಹತ್ತಿರವಂತೂ ರಾಡ್ ಬಿಚ್ಚಲೇಬೇಡಿ.

ಹೊಸಬರು ಒಂದೇ ಕೊಳ್ಳುವುದಾದರೆ ಪಿಇ 1.5ರ ಬ್ರೇಡ್ ತಗೊಳ್ಳಿ, ಜೊತೆಗೆ 15 ಪೌಂಡಿನ ಮೋನೋ ಲೀಡರ್‌ಗೆ. ದುಡ್ಡು ಉಳಿದರೆ ದುಬಾರಿ ದಾರಕ್ಕಿಂತ ಒಂದು ಹೆಚ್ಚುವರಿ ಸ್ಪೂಲ್ ತಗೊಳ್ಳುವುದು ಮೇಲು. ನಾಲ್ಕು ಎಳೆಗೆ ನನ್ನಿಂದ ಐದಕ್ಕೆ ಐದು, ಮೋನೋಗೆ ನಾಲ್ಕು. ಎಂಟು ಎಳೆಗೆ ಮೂರೂವರೆ, ಅದೂ ಲೀಡರ್ ಇದ್ದರೆ.