ಸಿಂಗರ್‌ನ ಕೋಣೆಗೆ ಬರುವ ನಾಲ್ವರು

ಅಮೆರಿಕದ ದಕ್ಷಿಣ ಭಾಗದಲ್ಲಿ, ಹತ್ತಿ ಗಿರಣಿಗಳನ್ನು ನಂಬಿ ಬದುಕುವ ಒಂದು ಊರಿನಲ್ಲಿ, ಕಿವಿ ಕೇಳದ, ಮಾತು ಬಾರದ ಇಬ್ಬರು ಗೆಳೆಯರು ಹತ್ತು ವರ್ಷಗಳಿಂದ ಒಟ್ಟಿಗೆ ಇದ್ದಾರೆ. ಜಾನ್ ಸಿಂಗರ್ ಆಭರಣದ ಅಂಗಡಿಯಲ್ಲಿ ಬೆಳ್ಳಿಯ ಮೇಲೆ ಕೆತ್ತನೆ ಮಾಡುವವನು. ಗ್ರೀಕ್ ಮೂಲದ ಆಂಟೊನಪೋಲಸ್ ತನ್ನ ನೆಂಟನ ಹಣ್ಣಿನ ಅಂಗಡಿಯಲ್ಲಿ ಮಿಠಾಯಿ ಮಾಡುವವನು. ಸಂಜೆಯಾಯಿತೆಂದರೆ ಸಿಂಗರ್ ದಿನವಿಡೀ ಕಂಡದ್ದನ್ನೆಲ್ಲ ಕೈಸನ್ನೆಯಲ್ಲಿ ಹೇಳುತ್ತಾನೆ. ಗೆಳೆಯನಿಗೆ ಅದರಲ್ಲಿ ಎಷ್ಟು ತಿಳಿಯಿತೆಂಬುದು ಅವನಿಗೂ ಗೊತ್ತಿಲ್ಲ. ಆಮೇಲೆ ಆಂಟೊನಪೋಲಸ್‌ನನ್ನು ಇನ್ನೂರು ಮೈಲಿ ದೂರದ ಮಾನಸಿಕ ಆಸ್ಪತ್ರೆಗೆ ಸೇರಿಸಿಬಿಡುತ್ತಾರೆ. ಅಂದಿನಿಂದ ಸಿಂಗರ್‌ನ ಕೈಗಳಿಗೆ ನೆಮ್ಮದಿಯಿಲ್ಲ. ನಿದ್ದೆಯಲ್ಲೂ ಅವು ಮಿಸುಕಾಡುತ್ತವೆ; ಕೆಲವೊಮ್ಮೆ ಎಚ್ಚರವಾದಾಗ ಅವನ ಮುಖದ ಮುಂದೆಯೇ ಪದಗಳನ್ನು ಕಟ್ಟುತ್ತಿರುತ್ತವೆ. ಹಗಲಿನಲ್ಲಿ ಅವನು ಅವನ್ನು ಜೇಬಿನೊಳಗೆ ತುರುಕಿಕೊಂಡು ಬೀದಿ ಬೀದಿ ಅಲೆಯುತ್ತಾನೆ.

ಕಾರ್ಸನ್ ಮೆಕಲರ್ಸ್ ಅವರ ಮೊದಲ ಕಾದಂಬರಿ ‘ದಿ ಹಾರ್ಟ್ ಈಸ್ ಎ ಲೋನ್ಲಿ ಹಂಟರ್’ ಹೀಗೆ ಆರಂಭವಾಗುತ್ತದೆ. ಅದು ಪ್ರಕಟವಾದದ್ದು 1940ರಲ್ಲಿ. ಆಗ ಲೇಖಕಿಗೆ 23 ವರ್ಷ. ಜಾರ್ಜಿಯಾ ರಾಜ್ಯದ ಕೊಲಂಬಸ್ ಎಂಬ ಗಿರಣಿ ಊರಿನಲ್ಲಿ ಹುಟ್ಟಿ ಬೆಳೆದ ಆಕೆ ಕಾದಂಬರಿಯ ಊರಿಗೆ ಹೆಸರಿಟ್ಟಿಲ್ಲ. ಆದರೆ ಎಲ್ಲರೂ ಎಲ್ಲರ ಮುಖ ಬಲ್ಲ, ಯಾರೂ ಯಾರ ಮನಸ್ಸನ್ನೂ ಅರಿಯದ ಆ ಬೀದಿಗಳನ್ನು ಹೊರಗಿನಿಂದ ಬಂದವರು ಹಾಗೆ ಬರೆಯಲಾರರು.

ಸಿಂಗರ್ ಬಾಡಿಗೆಗೆ ಹಿಡಿದ ಕೋಣೆಗೆ ನಾಲ್ವರು ಒಬ್ಬೊಬ್ಬರಾಗಿ ಬಂದು ಹೋಗತೊಡಗುತ್ತಾರೆ: ರಾತ್ರಿಯಿಡೀ ಹೋಟೆಲು ತೆರೆದಿಡುವ ಬಿಫ್ ಬ್ರ್ಯಾನನ್, ಕಾರ್ಮಿಕರನ್ನು ಎಚ್ಚರಿಸಲು ಹೊರಟು ಕುಡಿತಕ್ಕೆ ಬಿದ್ದ ಜೇಕ್ ಬ್ಲೌಂಟ್, ತನ್ನ ಜನರ ಏಳಿಗೆಗಾಗಿ ಇಡೀ ಬದುಕನ್ನು ಸವೆಸಿದ ಕಪ್ಪು ವೈದ್ಯ ಕೋಪ್ಲಂಡ್, ಮತ್ತು ಆ ಮನೆಯವರದೇ ಮಗಳು ಮಿಕ್ ಕೆಲಿ. ತುಟಿಯ ಚಲನೆಯಿಂದ ಮಾತು ಗ್ರಹಿಸುವ ಸಿಂಗರ್ ತಲೆಯಾಡಿಸುತ್ತಾನೆ. ಅಷ್ಟರಿಂದಲೇ ಪ್ರತಿಯೊಬ್ಬರಿಗೂ, ತನ್ನನ್ನು ಈ ಜಗತ್ತಿನಲ್ಲಿ ಬಲ್ಲವನು ಇವನೊಬ್ಬನೇ ಎಂಬ ನಂಬಿಕೆ ಬಲಿಯುತ್ತದೆ. ಮನಸ್ಸು ಬಿಚ್ಚಿ ಮಾತಾಡಲು ಒಬ್ಬರು ಸಿಕ್ಕರೆ ಒಂಟಿತನ ಕಳೆಯಿತೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಮೆಕಲರ್ಸ್ ತೋರಿಸುವುದು ಇದಕ್ಕಿಂತ ಕಠಿಣವಾದದ್ದನ್ನು: ಇವರೆಲ್ಲ ಮನಸ್ಸು ಬಿಚ್ಚಿ ಮಾತಾಡುತ್ತಲೇ ಒಂಟಿಯಾಗಿ ಉಳಿಯುತ್ತಾರೆ, ಏಕೆಂದರೆ ಎದುರಿಗೆ ಕುಳಿತವನಿಗೂ ಹೇಳಿಕೊಳ್ಳಲು ಏನಾದರೂ ಇದ್ದೀತೆಂದು ಒಬ್ಬರಿಗೂ ಹೊಳೆಯುವುದಿಲ್ಲ.

ಒಂದು ದಿನ ನಾಲ್ವರೂ ಒಟ್ಟಿಗೇ ಆ ಕೋಣೆಗೆ ಬರುತ್ತಾರೆ. ಸಿಂಗರ್ ಸಂತೋಷದಿಂದ ಉಪಚರಿಸುತ್ತಾನೆ. ಆದರೆ ಬಂದವರಿಗೆ ಮಾತೇ ಹೊರಡುವುದಿಲ್ಲ. ಆಡಿದ ಎರಡು ಮಾತನ್ನೂ ಸಿಂಗರ್‌ನ ಕಡೆಗೇ ಆಡುತ್ತಾರೆ. ಇದೇನೆಂದು ತಿಳಿಯದ ಅವನು ಆಂಟೊನಪೋಲಸ್‌ಗೆ ದೀರ್ಘವಾದ ಕಾಗದ ಬರೆಯುತ್ತಾನೆ. ಆಂಟೊನಪೋಲಸ್‌ಗೆ ಓದಲು ಬಾರದು. ಸಿಂಗರ್‌ಗೆ ಅದು ಗೊತ್ತು, ಆದರೂ ಬರೆಯುತ್ತಾನೆ. ಈ ಪುಟಗಳಲ್ಲಿ ನಾನು ಓದು ನಿಲ್ಲಿಸಿ ಬಹಳ ಹೊತ್ತು ಸುಮ್ಮನೆ ಕುಳಿತೆ.

ಮಿಕ್‌ಳ ಅಧ್ಯಾಯಗಳಂತೂ ಕಾದಂಬರಿಯ ಜೀವ. ಹದಿಮೂರರ ಆಸುಪಾಸಿನ ಈ ಹುಡುಗಿ ತನ್ನ ಮನಸ್ಸನ್ನು ಒಳಕೋಣೆ, ಹೊರಕೋಣೆ ಎಂದು ವಿಂಗಡಿಸಿಕೊಂಡಿದ್ದಾಳೆ. ಶಾಲೆ, ಮನೆ, ದಿನದ ಜಂಜಾಟ ಹೊರಕೋಣೆಯಲ್ಲಿ, ಸಂಗೀತ ಮತ್ತು ಸಿಂಗರ್ ಒಳಕೋಣೆಯಲ್ಲಿ. ಒಡೆದ ಯುಕುಲೇಲಿಯೊಂದಕ್ಕೆ ತಂತಿ ಬಿಗಿದು ಪಿಟೀಲು ಮಾಡಲು ಹೆಣಗುತ್ತಾಳೆ. ಮನೆಯವರಿಗೆ ಸ್ವಂತ ರೇಡಿಯೊ ಇಲ್ಲದ್ದರಿಂದ ರಾತ್ರಿ ಸ್ಥಿತಿವಂತರ ಮನೆಯ ಅಂಗಳಕ್ಕೆ ನುಸುಳಿ, ಕಿಟಕಿಯ ಬಳಿಯ ಪೊದೆಗಳ ಮರೆಯಲ್ಲಿ ಕುಳಿತು ಬೀಥೋವನ್‌ನ ಮೂರನೆಯ ಸಿಂಫನಿಯನ್ನು ಕೇಳುತ್ತಾಳೆ. ಅದು ಮುಗಿದ ಮೇಲೆ ಉಂಟಾದ ಸಂಕಟವನ್ನು ತಾಳಲಾರದೆ ತೊಡೆಗೆ ಗುದ್ದಿಕೊಳ್ಳುತ್ತಾಳೆ, ಕಲ್ಲುಗಳನ್ನು ಹಿಡಿದು ಮೈ ಉಜ್ಜಿಕೊಳ್ಳುತ್ತಾಳೆ. ಪಿಯಾನೊ ವಾದಕಿಯಾಗಬೇಕೆಂದು ಹಂಬಲಿಸಿ ಬೆಳೆದ ಲೇಖಕಿಯ ಸ್ವಂತ ಅನುಭವ ಇಲ್ಲಿ ಹರಿದುಬಂದಿದೆ ಎಂದೇ ನನ್ನ ಎಣಿಕೆ. ಮನೆಯ ಬಡತನ ಮಿಕ್‌ಳನ್ನು ಕೊನೆಗೆ ಎಲ್ಲಿ ನಿಲ್ಲಿಸುತ್ತದೆ ಎಂಬುದನ್ನು ಓದುಗರು ತಾವೇ ಕಂಡುಕೊಳ್ಳಲಿ.

ಕುಂದುಗಳಿಲ್ಲವೆಂದಲ್ಲ. ಕೋಪ್ಲಂಡ್ ಮತ್ತು ಬ್ಲೌಂಟ್ ರಾತ್ರಿಯಿಡೀ ನಡೆಸುವ ವಾಗ್ವಾದ ಕೆಲವೆಡೆ ಭಾಷಣದಂತಿದೆ. ಸಿಂಗರ್‌ನನ್ನು ದೇವರ ಮಟ್ಟಕ್ಕೆ ಏರಿಸುವ ಊರಿನ ನಂಬಿಕೆಯನ್ನು ಲೇಖಕಿ ಅಗತ್ಯಕ್ಕಿಂತ ಹೆಚ್ಚು ಸಲ ನೆನಪಿಸುತ್ತಾರೆ. ಆದರೂ ತನ್ನ ಮಕ್ಕಳೊಂದಿಗೇ ಮಾತಾಡಲು ಬಾರದ, ತತ್ವಜ್ಞಾನಿ ಸ್ಪಿನೋಜಾನನ್ನು ಓದುತ್ತ ಕತ್ತಲಲ್ಲಿ ಕೂರುವ ಕೋಪ್ಲಂಡ್‌ನ ಚಿತ್ರಣ ಅಸಾಮಾನ್ಯವಾದದ್ದು. ಕಪ್ಪು ಲೇಖಕ ರಿಚರ್ಡ್ ರೈಟ್ ಅಂದೇ ತಮ್ಮ ವಿಮರ್ಶೆಯಲ್ಲಿ, ಕಪ್ಪು ಪಾತ್ರಗಳನ್ನು ದಕ್ಷಿಣದ ಬಿಳಿಯ ಲೇಖಕಿಯೊಬ್ಬರು ಇಷ್ಟು ಸಹಜವಾಗಿ, ನ್ಯಾಯವಾಗಿ ಬರೆದದ್ದನ್ನು ಮೆಚ್ಚಿಕೊಂಡಿದ್ದರು.

ಮುನ್ನೂರು ಪುಟ ದಾಟುವ ಈ ಕಾದಂಬರಿಯ ಇಂಗ್ಲಿಷ್ ಸರಳವಾಗಿದೆ. ಕೋಪ್ಲಂಡ್‌ನ ಮಗಳು ಪೋರ್ಷಿಯಾಳ ಆಡುಮಾತು ಮಾತ್ರ ಮೊದಲಿಗೆ ತುಸು ತೊಡಕೆನಿಸಬಹುದು, ಗಟ್ಟಿಯಾಗಿ ಓದಿಕೊಂಡರೆ ಸಲೀಸಾಗುತ್ತದೆ. ಇಷ್ಟು ದೊಡ್ಡದಕ್ಕೆ ಕೂಡಲೇ ಕೈಹಾಕಲು ಹಿಂಜರಿಯುವವರು 1946ರ ಪುಟ್ಟ ಕಾದಂಬರಿ ‘ದಿ ಮೆಂಬರ್ ಆಫ್ ದ ವೆಡ್ಡಿಂಗ್’ನಿಂದ ಆರಂಭಿಸಬಹುದು. ಅಲ್ಲಿ ಹನ್ನೆರಡು ವರ್ಷದ ಫ್ರ್ಯಾಂಕಿ ಬೇಸಿಗೆಯ ಸೆಕೆಯಲ್ಲಿ ಅಡುಗೆಮನೆಯ ಮೇಜಿನ ಬಳಿ ಕುಳಿತು ಲೆಕ್ಕ ಹಾಕುತ್ತಾಳೆ: ಸೈನಿಕರಿಗೆ ‘ನಾವು’ ಎನ್ನಲು ಸೈನ್ಯವಿದೆ, ಅಡುಗೆಯ ಬೆರೆನೀಸ್‌ಗೆ ತನ್ನವರಿದ್ದಾರೆ, ಚರ್ಚಿದೆ, ಸರಪಳಿ ತೊಟ್ಟು ದುಡಿಯುವ ಕೈದಿಗಳಿಗೂ ಒಂದು ‘ನಾವು’ ಇದೆ, ತನಗೊಬ್ಬಳಿಗೆ ಇರುವುದು ‘ನಾನು’ ಮಾತ್ರ. ಮದುವೆಯಾಗಲಿರುವ ಅಣ್ಣ ಮತ್ತು ಅವನ ಹುಡುಗಿಯೇ ತನ್ನ ‘ನಾವು’ ಎಂದು ಅವಳು ಆ ಸಂಜೆ ನಿರ್ಧರಿಸಿ, ಅವರೊಂದಿಗೇ ಊರು ಬಿಟ್ಟು ಹೋಗಲು ಸಿದ್ಧಳಾಗುತ್ತಾಳೆ.