ಮರದ ಗಾಣದ ಮಷೀನು, 14 ತಿಂಗಳು ಓಡಿಸಿದ ಮೇಲೆ ನನ್ನ ರಿವ್ಯೂ (ಕೆಲಸ ಬಿಟ್ಟು ಗಾಣ ಹಾಕೋ ಪ್ಲಾನ್ ಇರೋರು ಪೂರ್ತಿ ಓದಿ)

ಮೊದಲೇ ಹೇಳ್ಬಿಡ್ತೀನಿ, ಮಷೀನ್ ಮಾಡಿದ ಕಂಪನಿ ಹೆಸರು ಹಾಕಲ್ಲ, ಕೇಳ್ಬೇಡಿ, ಇನ್ನೂ ಅವರ ಹತ್ರ ಒಂದು ವಾರಂಟಿ ಕೆಲಸ ಬಾಕಿ ಇದೆ. ಕೊಯಮತ್ತೂರು ಕಡೆ ಮೇಕ್ ಅಂತ ಇಟ್ಕೊಳ್ಳಿ, ಅಲ್ಲಿ ಇಂಥ ಗಾಣ ಮಾಡೋರು ಸುಮಾರು ಜನ ಇದಾರೆ. 15 ಕೆಜಿ ಕೆಪಾಸಿಟಿ, 3 ಎಚ್‌ಪಿ ಮೋಟಾರು, ಬಾಗೆ ಮರದ ಒರಳು, ಒನಕೆನೂ ಅದೇ ಮರ. ಮಷೀನಿಗೆ 1 ಲಕ್ಷ 68 ಸಾವಿರ ಆಯ್ತು, ಲಾರಿ ಬಾಡಿಗೆ ಬೇರೆ.

ನಾನು ಯಾರು ಅಂದ್ರೆ, ತುಮಕೂರಿನ ವಸಂತನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಫ್ಯಾಕ್ಟರೀಲಿ ಪರ್ಮನೆಂಟು, 11 ವರ್ಷ ಸರ್ವೀಸು, ಕೈಗೆ 34 ಸಾವಿರ ಬರುತ್ತೆ. ಮೂರು ವರ್ಷದಿಂದ ತಲೇಲಿ ಒಂದೇ ಹುಳ, ಕೆಲಸ ಬಿಟ್ಟು ಸ್ವಂತದ್ದು ಏನಾದ್ರೂ ಮಾಡ್ಬೇಕು ಅಂತ. ನಮ್ ಸೋದರಮಾವನಿಗೆ ಗೊತ್ತಾದ ದಿನ ಮನೆಗೇ ಬಂದು ಕೂತ್ಬಿಟ್ರು, "ಲೇ, ಪರ್ಮನೆಂಟ್ ಅನ್ನೋದು ಸುಮ್ನೆ ಸಿಗ್ತದೇನೋ, ನಮ್ ಹುಡುಗ ಕಾಂಟ್ರಾಕ್ಟಲ್ಲಿ ಆರು ವರ್ಷ ಕೊಳೀತಾ ಅವ್ನೆ, ನೀನು ಎಣ್ಣೆ ತೆಗೀತೀನಿ ಅಂತೀಯಲ್ಲೋ" ಅಂತ. ಅದಕ್ಕೆ ಕೆಲಸ ಬಿಡದೆ ಮನೆಯವಳ ಹೆಸರಲ್ಲೇ ಗಾಣ ಹಾಕಿ ನೋಡೋಣ ಅಂತ 2025ರ ಜನವರೀಲಿ ಶುರು ಮಾಡಿದ್ವಿ. ಹಾಗಾಗಿ ಇದು ಮಷೀನ್ ರಿವ್ಯೂನೂ ಹೌದು, ಕೆಲಸ ಬಿಡೋ ಐಡಿಯಾದ ರಿವ್ಯೂನೂ ಹೌದು, ಎರಡನ್ನೂ ಬೇರೆ ಮಾಡೋಕೆ ನನಗೆ ಆಗ್ತಾ ಇಲ್ಲ.

ಮಷೀನ್ ಹೆಂಗಿದೆ ಅಂದ್ರೆ, ಎಣ್ಣೆ ವಿಷಯದಲ್ಲಿ ಒಂದು ಮಾತೂ ಆಡೋ ಹಾಗಿಲ್ಲ. ಕಡ್ಲೆಬೀಜ ಹಾಕಿ ಇಪ್ಪತ್ತು ನಿಮಿಷ ಆದ್ಮೇಲೆ ಶೆಡ್ಡೆಲ್ಲಾ ಹುರಿದ ವಾಸನೆ ಅಲ್ಲ, ಹಸಿ ಬೀಜ ಅಗಿದಾಗ ಬಾಯಲ್ಲಿ ಬರುತ್ತಲ್ಲ ಆ ವಾಸನೆ ತುಂಬ್ಕೊಳುತ್ತೆ. ಎಣ್ಣೆ ಕೈಗೆ ಹಿಡಿದ್ರೆ ಬೆಚ್ಚಗೆ ಅಷ್ಟೇ, ಸುಡಲ್ಲ, ನಿಧಾನಕ್ಕೆ ತಿರುಗೋದ್ರಿಂದ. 15 ಕೆಜಿ ಬೀಜಕ್ಕೆ ನಮಗೆ ಸರಾಸರಿ 6 ಕೆಜಿ ಎಣ್ಣೆ ಬರ್ತಾ ಇದೆ, ಅಂದ್ರೆ ಆರೂವರೆ ಲೀಟರ್ ಮೇಲೆ ಸ್ವಲ್ಪ. ಕೆಜಿಗೂ ಲೀಟರ್‌ಗೂ ವ್ಯತ್ಯಾಸ ಇದೆ, ಒಂದು ಲೀಟರ್ ಕಡ್ಲೆಕಾಯಿ ಎಣ್ಣೆ ತೂಗಿದ್ರೆ 910 ಗ್ರಾಂ ಆಸುಪಾಸು ಬರೋದು, ಇದನ್ನ ಗಿರಾಕಿಗೆ ಅರ್ಥ ಮಾಡಿಸೋಕೆ ಹೋಗಿ ಮೂರು ಜನ ನನ್ನನ್ನ ಕಳ್ಳ ಅಂದ್ಕೊಂಡು ಹೋಗಿದಾರೆ.

ಮೊದಲ ತಿಂಗಳು ನನಗೆ ಎಣ್ಣೆನೇ ಸರಿಯಾಗಿ ಬರ್ಲಿಲ್ಲ, 15 ಕೆಜಿಗೆ 5 ಕೆಜಿ ದಾಟ್ತಾ ಇರ್ಲಿಲ್ಲ, ಮಷೀನೇ ಸರಿ ಇಲ್ಲ ಅಂತ ಕಂಪನಿಯವರ ಜೊತೆ ಫೋನಲ್ಲಿ ಜಗಳ ಆಡ್ದೆ. ಆಮೇಲೆ ನಮ್ಮೂರಲ್ಲಿ ಹಿಂದೆ ಎತ್ತಿನ ಗಾಣ ಹೊಡೀತಿದ್ದ ಗಾಣಿಗರ ತಾತ ಒಬ್ರು ಬಂದು, ಮಷೀನ್ ಕಡೆ ತಿರುಗಿಯೂ ನೋಡದೆ ಹಿಂಡಿಗೆ ಕೈ ಹಾಕಿ ಒಂದು ಮುಷ್ಟಿ ಹಿಸುಕಿ ಅಂಗೈ ತೋರಿಸಿದ್ರು. ಅಂಗೈ ಮೇಲೆ ಮಿಣಮಿಣ ಅಂತ ಎಣ್ಣೆ. "ನೋಡಪ್ಪ, ಎಣ್ಣೆ ಇನ್ನೂ ಇಲ್ಲೇ ಅದೆ, ನೀರು ಚಿಮುಕಿಸೋದು ಯಾವಾಗ ಅಂತ ನಿಂಗೆ ಗೊತ್ತಿಲ್ಲ ಅಷ್ಟೆ" ಅಂದ್ರು. ಹಿಂಡಿ ಮುರಿದ್ರೆ ಪಟ್ ಅನ್ಬೇಕಂತೆ. ಅವತ್ತಿಂದ ಒಂದು ವಾರ ಅವರು ಹೇಳಿದಾಗ ಹೇಳಿದಷ್ಟು ನೀರು ಕೈಯಲ್ಲಿ ಚಿಮುಕಿಸಿ ಕಲಿತೆ. ಎಳ್ಳಿಗೆ ನೀರಲ್ಲ, ಬೆಲ್ಲ ಹಾಕ್ಬೇಕು, ಅದನ್ನೂ ಅವರೇ ಹೇಳಿದ್ದು. ಮಷೀನ್ ಜೊತೆ ಬಂದ ಪುಸ್ತಕದಲ್ಲಿ ಗೇರ್ ಆಯಿಲ್ ಯಾವಾಗ ಚೇಂಜ್ ಮಾಡ್ಬೇಕು ಅಂತ ಮಾತ್ರ ಇತ್ತು.

ಮಾರೋವಾಗ ಹೇಳದೇ ಇರೋ ಖರ್ಚು ಕೇಳಿ. ಕೊಬ್ಬರಿ ಹಂಗೇ ಗಾಣಕ್ಕೆ ಹಾಕೋಕಾಗಲ್ಲ, ಚೂರು ಮಾಡ್ಬೇಕು, ಅದಕ್ಕೆ ಕಟ್ಟರ್ ಬೇರೆ, 28 ಸಾವಿರ. ತ್ರೀ ಫೇಸ್ ಮೀಟರ್ ಬೇರೆ ಹಾಕಿಸ್ಬೇಕು. ಎಣ್ಣೆ ತಿಳಿಯಾಗೋಕೆ ಎರಡ್ಮೂರು ದಿನ ಸ್ಟೀಲ್ ಡ್ರಮ್ಮಲ್ಲಿ ಬಿಡ್ಬೇಕು, ಆ ಡ್ರಮ್ಮುಗಳು. ಲೂಸ್ ಎಣ್ಣೆ ಮಾರೋ ಹಾಗಿಲ್ಲ, ಬಾಟ್ಲು ಲೇಬಲ್ಲು ಬೇಕೇ ಬೇಕು. ಎಫ್‌ಎಸ್‌ಎಸ್‌ಎಐ (ಆಹಾರ ಮಾರೋಕೆ ಬೇಕಾದ) ರಿಜಿಸ್ಟ್ರೇಷನ್ ಮಾತ್ರ ಅಗ್ಗ, ನಾವು ಮಾಡಿಸಿದಾಗ ವರ್ಷದ ವ್ಯಾಪಾರ 12 ಲಕ್ಷದ ಒಳಗಿದ್ರೆ ವರ್ಷಕ್ಕೆ 100 ರೂಪಾಯಿ ಇತ್ತು, ಏಜೆಂಟ್‌ಗೆ ಎರಡು ಸಾವಿರ ಕೊಡ್ಬೇಡಿ, ಮೊಬೈಲಲ್ಲೇ ಆಗುತ್ತೆ.

ಇನ್ನು ಸರ್ವೀಸ್. ಏಪ್ರಿಲ್‌ನಲ್ಲಿ ನಾವು ಮದುವೆ ಅಂತ ಹತ್ತು ದಿನ ಗಾಣ ನಿಲ್ಲಿಸಿ ಹೋಗಿದ್ವಿ, ಬಂದು ನೋಡಿದ್ರೆ ಒರಳಲ್ಲಿ ಗೇಣುದ್ದ ಸೀಳು. ಮರ ಒಣಗೋಕೆ ಬಿಡಬಾರದು, ನಿಲ್ಲಿಸೋ ಮುಂಚೆ ಒರಳಿಗೆ ಎಣ್ಣೆ ಕುಡಿಸಿ ಮುಚ್ಚಿಡ್ಬೇಕು ಅಂತ ಆಮೇಲೆ ಗೊತ್ತಾಗಿದ್ದು. ಫೋನ್ ಮಾಡಿದ್ರೆ ನಾಳೆ ಬರ್ತೀವಿ ನಾಳೆ ಬರ್ತೀವಿ ಅಂತ 23 ದಿನ, ಅಷ್ಟು ದಿನ ಗಾಣ ಬಂದ್, ಬಂದವನು ಏನೋ ತುಂಬಿಸಿ ಕಬ್ಬಿಣದ ಬಳೆ ಹಾಕಿ ಹೋದ, ಹೊಸ ಒರಳು ಕಳಿಸ್ತೀವಿ ಅಂದಿದ್ದು ಇನ್ನೂ ಬರ್ಲಿಲ್ಲ. ಆ 23 ದಿನ ನನಗೆ ಸಂಬಳ ಇಲ್ದಿದ್ರೆ ಏನ್ ಗತಿ ಅಂತ ಒಂದ್ಸಲ ಯೋಚನೆ ಮಾಡಿ. ಮಷೀನಿಗೆ 5ಕ್ಕೆ 4, ಸರ್ವೀಸ್‌ಗೆ 1 ಕೊಡೋಕೂ ಮನಸಿಲ್ಲ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಲೋನು ಪಿಎಂಇಜಿಪಿ (ಸ್ವಂತ ಉದ್ಯೋಗಕ್ಕೆ ಕೇಂದ್ರ ಸರ್ಕಾರದ ಸಬ್ಸಿಡಿ ಸಾಲ) ಸ್ಕೀಮಲ್ಲಿ ತಗೊಂಡ್ವಿ, ಆಗ ಹೆಂಗಸರ ಹೆಸರಲ್ಲಿ ಹಳ್ಳೀಲಿ ಹಾಕಿದ್ರೆ ಸಬ್ಸಿಡಿ 35 ಪರ್ಸೆಂಟು, ನಾವು ಹಾಕ್ಬೇಕಾದ್ದು 5 ಪರ್ಸೆಂಟು ಇತ್ತು. ನನ್ನ ಹೆಸರಲ್ಲಾಗಿದ್ರೆ 25 ಮತ್ತೆ 10. ಶೆಡ್ಡು ಗಿಡ್ಡು ಸೇರಿ ನಾಲ್ಕೂವರೆ ಲಕ್ಷದ ಪ್ರಾಜೆಕ್ಟು, ಸಬ್ಸಿಡಿ 1 ಲಕ್ಷ 57 ಸಾವಿರ ಚಿಲ್ಲರೆ. ಆದ್ರೆ ಅದು ಕೈಗೆ ಬರುತ್ತೆ ಅಂತ ಯಾರೂ ಕುಣೀಬೇಡಿ, ಬ್ಯಾಂಕಲ್ಲಿ ಮೂರು ವರ್ಷ ಲಾಕು, ಗಾಣ ಓಡ್ತಾ ಇದ್ರೆ ಆಮೇಲೆ ಸಾಲಕ್ಕೆ ಜಮಾ. ಗಂಡ ಹೆಂಡತೀಲಿ ಒಬ್ರಿಗೆ ಮಾತ್ರ ಸಿಗೋದು. ನಮ್ಮ ಬ್ಯಾಂಕಿನವರು ಐದು ತಿಂಗಳು ಓಡಾಡಿಸಿದ್ರು, ಕೊನೆಗೆ "ನಿಮ್ಮನೆಯವರದು ಸ್ಯಾಲರಿ ಸ್ಲಿಪ್ ಇದ್ರೆ ತಂದ್ಬಿಡಿ ಮೇಡಂ" ಅಂದ್ರು. ಸ್ವಂತ ಉದ್ಯೋಗದ ಲೋನಿಗೆ ಕಂಪನಿ ಸಂಬಳದ ಚೀಟಿ! ಆಗ ನಕ್ಕೆ, ಆದ್ರೆ ಆಮೇಲಾಮೇಲೆ ಇದೇ ವಿಷಯ ಎಲ್ಲಾ ಕಡೆ ಕಾಣಿಸ್ತಾ ಹೋಯ್ತು. (ಪಿಎಂಎಫ್‌ಎಂಇ ಅಂತ ಇನ್ನೊಂದು ಸ್ಕೀಮಿತ್ತು, ಆಹಾರ ಪದಾರ್ಥ ಮಾಡೋರಿಗೆ ಅಂತಾನೇ, ರಾಜ್ಯದ್ದೂ ಸೇರಿ 50 ಪರ್ಸೆಂಟ್ ಸಬ್ಸಿಡಿ ಇತ್ತು, ನಮಗೆ ಗೊತ್ತಾಗೋ ಹೊತ್ತಿಗೆ ಲೋನ್ ಆಗೋಗಿತ್ತು, ಈಗ್ಲೂ ಇದೆಯಾ ಅಂತ ನೀವು ಮೊದಲೇ ವಿಚಾರಿಸಿ.)

ಕೊಬ್ಬರಿ ರೇಟು ನೋಡಿ. 2023ರಲ್ಲಿ ತಿಪಟೂರಲ್ಲಿ ಬೆಂಬಲ ಬೆಲೆನೂ ಸಿಗ್ತಿಲ್ಲ ಅಂತ ರೈತರು ಬೀದಿಗಿಳಿದಿದ್ರು, ಅದನ್ನ ನೋಡ್ಕೊಂಡೇ ನಾನು ಕೊಬ್ಬರಿ ಎಣ್ಣೆ ಲಾಭದ ಬಾಬತ್ತು ಅಂತ ಲೆಕ್ಕ ಹಾಕಿದ್ದು. ನಾವು ಗಾಣ ಹಾಕಿದ ವರ್ಷಾನೇ, 2025ರಲ್ಲಿ, ಉಂಡೆ ಕೊಬ್ಬರಿ ಕ್ವಿಂಟಲ್‌ಗೆ 25 ಸಾವಿರ ದಾಟಿ ಹೋಯ್ತು. ಎಣ್ಣೆ ಕೊಬ್ಬರಿನೂ ಜೊತೇಲೇ ಏರ್ತು. ರೈತರಿಗೆ ಒಳ್ಳೇದಾಯ್ತು, ಬೇಜಾರಿಲ್ಲ, ನಮ್ಮಪ್ಪಂಗೂ ನಲವತ್ತು ಮರ ಇದೆ. ಆದ್ರೆ ಗಾಣಕ್ಕೆ? ಕೂಲಿ ಗಾಣಕ್ಕೆ (ಸಾಮಾನು ಅವರದ್ದು, ನಮಗೆ ಎಣ್ಣೆ ತೆಗೆಯೋ ಕೂಲಿ ಅಷ್ಟೇ) ಅಂತ ಮನೆ ಕೊಬ್ಬರಿ ತರ್ತಿದ್ದೋರೆಲ್ಲಾ ಕೊಬ್ಬರಿನ ಮಾರ್ಕೆಟ್ಟಿಗೆ ಹಾಕಿ ಮನೆಗೆ ಪಾಮಾಯಿಲ್ ಪ್ಯಾಕೆಟ್ ತಗೊಂಡು ಹೋದ್ರು, ನನ್ನ ಕಣ್ಣೆದುರಿಗೇ, ನಮ್ಮ ಶೆಡ್ಡಿನ ಮುಂದಿನ ಅಂಗಡೀಲೇ. ಕಟ್ಟರ್ ನಾಲ್ಕು ತಿಂಗಳು ಗೋಣಿಚೀಲ ಹೊದ್ಕೊಂಡು ಕೂತಿತ್ತು.

ಕಡ್ಲೆಕಾಯಿ ಬಚಾವ್ ಮಾಡ್ತು. ಚಳ್ಳಕೆರೆ, ಪಾವಗಡ ಕಡೆಯಿಂದ ಬೀಜ ತರ್ತೀವಿ, ಕೆಜಿಗೆ 120ರ ಹಾಗೆ ಬಿದ್ರೆ 15 ಕೆಜಿಗೆ 1,800. ಆರೂವರೆ ಲೀಟರ್ ಚಿಲ್ಲರೆ ಎಣ್ಣೆ, ಲೀಟರ್ 330, ಹಿಂಡಿ ಎಂಟೂವರೆ ಕೆಜಿ ಹಸುಗಳಿಗೆ ಅಂತ ಪಕ್ಕದ ಮನೆಯವರೇ 45ಕ್ಕೆ ತಗೊಳ್ತಾರೆ. ಬಾಟ್ಲು, ಕರೆಂಟು ಎಲ್ಲಾ ಕಳೆದ್ರೆ ಲೀಟರ್‌ಗೆ ಸುಮಾರು 95 ಉಳಿಯುತ್ತೆ. ಕೂಲಿ ಗಾಣ ಕೆಜಿಗೆ 20. ದಿನಕ್ಕೆ ಸರಾಸರಿ 5 ಲೀಟರ್ ಹೋಗ್ತಾ ಇತ್ತು, ಕೂಲಿ ಗಾಣದ್ದೂ ಸೇರಿಸಿ, ಲೋನಿನ ಕಂತು ಹೋಗಿ ತಿಂಗಳಿಗೆ 14-15 ಸಾವಿರ ಕೈಗೆ ಉಳಿಯೋದು.

ಇಷ್ಟು ನೋಡಿದ್ಮೇಲೆ ನನಗನ್ಸಿದ್ದು, ಅರ್ಧ ಮನಸಲ್ಲಿ ಮಾಡ್ತಿರೋದಕ್ಕೆ ಅರ್ಧ ದುಡ್ಡು, ನಾನು ಫುಲ್‌ಟೈಮ್ ಕೂತ್ರೆ ಡಬಲ್ ಆಗುತ್ತೆ ಅಂತ. ಎಲ್ಲಾ ಬಿಸಿನೆಸ್ ವಿಡಿಯೋದಲ್ಲೂ ಅದೇ ತಾನೇ ಹೇಳೋದು, ಒಂದು ಕಾಲು ದೋಣೀಲಿ ಒಂದು ಕಾಲು ದಡದಲ್ಲಿ ಇಟ್ರೆ ಆಗಲ್ಲ ಅಂತ. ರಾಜೀನಾಮೆ ಬರೆದು ಮೊಬೈಲಲ್ಲಿ ಇಟ್ಕೊಂಡೂ ಇದ್ದೆ. ಮನೆಯವಳೇ ಹೇಳಿದ್ದು, "ರೀ, ನಿಮ್ ಇಎಲ್ ರಜೆ ಎಷ್ಟಿದೆ? ಅದನ್ನ ಹಾಕಿ ಕೂತ್ಕೊಂಡು ನೋಡಿ ಒಂದ್ಸಲ, ಆಮೇಲೆ ಬಿಡೋರಂತೆ" ಅಂತ. ಸಂಕ್ರಾಂತಿ ಎಳ್ಳಿನ ರಶ್ ಮುಗಿದ ಮೇಲೆ, ಲೆಕ್ಕ ಕೆಡಬಾರದು ಅಂತ ಬೇಕಂತಲೇ ಕಾದು, 18 ದಿನ ರಜೆ ಹಾಕ್ದೆ. ಬೆಳಿಗ್ಗೆ ಆರಕ್ಕೆ ಶೆಡ್ಡು, ರಾತ್ರಿ ಎಂಟಕ್ಕೆ ಬಾಗಿಲು, ಮಧ್ಯೆ ಗಾಡೀಲಿ ಸುತ್ತಮುತ್ತ ಊರಿನ ಅಂಗಡಿಗಳಿಗೆ ಹೋಗಿ ಸ್ಯಾಂಪಲ್ ಕೊಟ್ಟು ಬಂದೆ.

ಏನಾಯ್ತು ಗೊತ್ತಾ, 5 ಲೀಟರ್ ಇದ್ದಿದ್ದು 7 ಆಯ್ತು. ಕೂಲಿ ಗಾಣ ಸ್ವಲ್ಪ ಜಾಸ್ತಿ ಆಯ್ತು, ಯಾಕಂದ್ರೆ ಬೆಳಿಗ್ಗೆ ಬಂದೋರಿಗೆ ಸಂಜೆ ಬನ್ನಿ ಅನ್ನೋದು ತಪ್ತು. ಅದನ್ನ ಇಡೀ ತಿಂಗಳಿಗೆ ಎಳೆದು ಲೆಕ್ಕ ಹಾಕಿದ್ರೆ 24-25 ಸಾವಿರ. ಅಂದ್ರೆ ನಾನು ಹೋಗಿ ಕೂತಿದ್ದಕ್ಕೆ ಹೆಚ್ಚಾಗಿದ್ದು 10 ಸಾವಿರ, ಅದಕ್ಕೋಸ್ಕರ ಬಿಡಬೇಕಾಗಿರೋದು 34 ಸಾವಿರ. ಮನೆಯವಳು ಲೆಕ್ಕದ ಪುಸ್ತಕ ಮಡಚ್ತಾ, "ನೀವು ಕೂತ್ರೂ ಎಣ್ಣೆ ತಿನ್ನೋರು ಅಷ್ಟೇ ಜನ ಕಣ್ರೀ" ಅಂದ್ಲು. ಮಷೀನ್ ದಿನಕ್ಕೆ ಐದಾರು ಒಬ್ಬೆ (ಒಂದು ಸಲಕ್ಕೆ ಹಾಕೋ 15 ಕೆಜಿ) ಆರಾಮಾಗಿ ತೆಗೆಯುತ್ತೆ, ನಮಗೆ ಗಿರಾಕಿ ಇರೋದು ಒಂದೂವರೆ ಒಬ್ಬೆಗೆ.

ಇನ್ನೊಂದು ವಿಷಯ ಆ 18 ದಿನದಲ್ಲೇ ತಲೆಗೆ ಹೋಗಿದ್ದು. ಸುಗ್ಗಿ ಟೈಮಲ್ಲಿ ಕಡ್ಲೆಬೀಜ ಕ್ಯಾಶ್ ಕೊಟ್ಟು ಹತ್ತು ಚೀಲ ಒಟ್ಟಿಗೆ ಎತ್ತಿದ್ರೆ ರೇಟು ಕಮ್ಮಿ, ಆ ಕ್ಯಾಶ್ ಎಲ್ಲಿಂದ ಬಂತು ಅಂತ ಹಿಂದಕ್ಕೆ ನೋಡಿದ್ರೆ ಪ್ರತಿ ಸಲ ನನ್ನ ಸಂಬಳ. ಒರಳು ಸೀಳಿದಾಗ ಕಂತು ಕಟ್ಟಿದ್ದು ಸಂಬಳ. ಕೊಬ್ಬರಿ ಏರಿದಾಗ ಅಂಗಡಿ ಮುಚ್ಚದೇ ಇದ್ದಿದ್ದೂ ಅದರಿಂದಾನೇ. ನಾನು ಕೆಲಸ ಬಿಟ್ರೆ ಹೋಗೋದು ಬರೀ 34 ಸಾವಿರ ಅಲ್ಲ, ಗಾಣಕ್ಕೆ ಬಡ್ಡಿ ಇಲ್ದೆ ದುಡ್ಡು ಹಾಕ್ತಿರೋ ಸಾಹುಕಾರನೇ ಹೋಗ್ತಾನೆ. ಬ್ಯಾಂಕಿನವರು ಸ್ಯಾಲರಿ ಸ್ಲಿಪ್ ಕೇಳಿದ್ದು ಯಾಕೆ ಅಂತ ಆಗ ಅರ್ಥ ಆಯ್ತು.

ಬಿಟ್ರೆ ಏನ್ ಸಿಗುತ್ತೆ ಅಂತಾನೂ ಲೆಕ್ಕ ಹಾಕಿದೀನಿ, ನಿಮಗೂ ಉಪಯೋಗ ಆಗ್ಲಿ. ಗ್ರಾಚ್ಯುಟಿ ಅಂದ್ರೆ ವರ್ಷಕ್ಕೆ 15 ದಿನದ ಬೇಸಿಕ್ಕು ಪ್ಲಸ್ ಡಿಎ (ತುಟ್ಟಿಭತ್ಯೆ), ತಿಂಗಳಿಗೆ 26 ದಿನ ಅಂತ ಹಿಡಿದು. ನಂದು ಅದು 18 ಸಾವಿರ, 11 ವರ್ಷಕ್ಕೆ 1 ಲಕ್ಷ 14 ಸಾವಿರ. ಪಿಎಫ್ ಪೆನ್ಷನ್ನಿಗೆ 10 ವರ್ಷ ಸರ್ವೀಸ್ ಬೇಕು, ನಂದು ಆಗಿದೆ, ಪೆನ್ಷನ್ ಲೆಕ್ಕಕ್ಕೆ ಹಿಡಿಯೋ ಸಂಬಳ ನಾನು ಲೆಕ್ಕ ಹಾಕಿದಾಗ ಇದ್ದ 15 ಸಾವಿರದ ಲಿಮಿಟ್ಟಲ್ಲಿ 11 ವರ್ಷಕ್ಕೆ 58 ಆದ್ಮೇಲೆ ತಿಂಗಳಿಗೆ 2,300 ಚಿಲ್ಲರೆ ಬರುತ್ತೆ. ನಿಮ್ದು ಒಂಬತ್ತು ವರ್ಷ ಆಗಿದ್ರೆ ದಯವಿಟ್ಟು ಇನ್ನಾರು ತಿಂಗಳು ಹಲ್ಲು ಕಚ್ಚಿ ಇರಿ, ಒಂಬತ್ತೂವರೆ ಆದ್ರೆ ಹತ್ತು ಅಂತಲೇ ಲೆಕ್ಕ. ಅಪ್ಪ ಅಮ್ಮನ ಇನ್ಶೂರೆನ್ಸ್ ಕಂಪನಿ ಪಾಲಿಸೀಲಿದೆ, ಬಿಟ್ಟ ದಿನ ಅದೂ ಹೋಗುತ್ತೆ, ಅಮ್ಮಂಗೆ ಶುಗರ್ ಇದೆ, ಹೊಸ ಪಾಲಿಸಿ ಪ್ರೀಮಿಯಂ ಕೇಳಿ ಫೋನ್ ಇಟ್ಬಿಟ್ಟೆ.

ಹಂಗಂತ ಗಾಣ ಬೇಡ ಅಂತ ಹೇಳ್ತಿಲ್ಲ ನಾನು. ಮನೇಲಿ ಒಬ್ರು ಹಗಲು ಹೊತ್ತು ಇರೋರು, ಜಾಗ ಸ್ವಂತದ್ದು, ಇನ್ನೊಂದು ಸಂಬಳ ಇದ್ರೆ ಹಾಕಿ. ನಿಂತ್ಕೊಂಡು ಮಾಡೋ ಕೆಲಸ, ಇಡೀ ದಿನ 15 ಕೆಜಿ ಎತ್ತಿ ಇಳಿಸಿ ಮನೆಯವಳಿಗೆ ಸೊಂಟ ನೋವು ಶುರುವಾಗಿದೆ, ಅದನ್ನೂ ಸೇರಿಸ್ಕೊಳ್ಳಿ ಲೆಕ್ಕಕ್ಕೆ, ನಾನು ಮೊದಲು ಸೇರಿಸಿರ್ಲಿಲ್ಲ. ಮಷೀನ್ ತಗೊಳೋದಾದ್ರೆ ಒರಳಿನ ವಾರಂಟಿ ಬಾಯಲ್ಲಿ ಬೇಡ, ಬಿಲ್ಲಲ್ಲಿ ಬರೆಸ್ಕೊಳ್ಳಿ. ನಿಮ್ಮೂರಿಗೆ 50 ಕಿಲೋಮೀಟರ್ ಒಳಗೆ ಅದೇ ಮೇಕ್ ಇಟ್ಕೊಂಡಿರೋರ ಹತ್ರ ಹೋಗಿ ಎರಡು ತಾಸು ಕೂತು ಎಷ್ಟು ಗಿರಾಕಿ ಬರ್ತಾರೆ ಅಂತ ಎಣಿಸಿ, ಎಣ್ಣೆ ಎಷ್ಟು ಬರುತ್ತೆ ಅಂತ ಅಲ್ಲ.

ಹತ್ತು ಲೀಟರ್ ಮುಟ್ಟಿದ ದಿನ ಮತ್ತೆ ಮಾತಾಡೋಣ ಅಂತ ಮನೆಯವಳು ಹೇಳಿದಾಳೆ. ಮಾವ ಮೊನ್ನೆ ಬಂದು ಎರಡು ಲೀಟರ್ ತಗೊಂಡು ಹೋದ್ರು, ದುಡ್ಡು ಕೊಟ್ಟೇ. ನಂದು ಈ ವಾರ ಸೆಕೆಂಡ್ ಶಿಫ್ಟು, ಒಂದು ಗಂಟೆಗೆ ಕಂಪನಿ ಬಸ್ಸು, ಅಷ್ಟರೊಳಗೆ ಒಂದು ಒಬ್ಬೆ ಎಳ್ಳು ತೆಗೆದು ಒರಳು ಒರೆಸಿಡ್ಬೇಕು.